ಒಂದೇ ಗುಂಡು

ಮ್ಯಾನೇಜರು ಒಂದೇ ಒಂದು ಕಾಡತೂಸನ್ನು ಮೇಜಿನ ಮೇಲಿಟ್ಟು ದೇರಪ್ಪನ ಕಡೆಗೆ ತಳ್ಳಿದರು. "ಇನ್ನು ಉಳಿದಿರೋದು ಆ ಕುಂಟಿ ನಾಯಿ ಮಾತ್ರ. ಇವತ್ತು ಸಂಜೆಯೊಳಗೆ ಯಾರಾದ್ರೂ ಸಾಕ್ತೀನಿ ಅಂದ್ರೆ ಕೊಡು. ಇಲ್ಲಾಂದ್ರೆ ಮುಗಿಸಿಬಿಡು. ಲೈನಿನ ಹತ್ರ ಬೇಡ, ಮಕ್ಕಳಿದ್ದಾವೆ."

ಹುಚ್ಚುನಾಯಿಯೊಂದು ಕೂಲಿಯಾಳುಗಳ ಲೈನುಮನೆಗಳ ಎರಡು ಹಸುಗಳನ್ನು ಕಚ್ಚಿ ಹಾಕಿದ ಮೇಲೆ, ಸಾಕಿದವರಿಲ್ಲದ ನಾಯಿ ಒಂದೂ ತೋಟದಲ್ಲಿರಬಾರದೆಂದು ಆರ್ಡರ್ ಆಗಿತ್ತು. ಬಿಳಿ ದೊರೆ ತೋಟ ಮಾರಿ ಹಡಗು ಹತ್ತಿದ ನಂತರ ಬಂದ ಈ ಮ್ಯಾನೇಜರು ಕೆಟ್ಟವರೇನಲ್ಲ. ಹೇಳಿದ್ದು ಹೇಳಿದ ಹೊತ್ತಿಗೆ ಆಗಬೇಕು, ಅಷ್ಟೆ. ವಾಚರ್ ದೇರಪ್ಪ ಕಾಡತೂಸನ್ನು ಜೇಬಿಗೆ ಹಾಕಿಕೊಂಡು ಕಾಫಿ ಕಣದ ಕಡೆ ನಡೆದ.

ಕುಂಟಿ ಅಲ್ಲೇ ಮೂಲೆಯಲ್ಲಿತ್ತು. ತಿಂಗಳ ಹಿಂದೆ ಹಂದಿಗೆಂದು ಒಡ್ಡಿದ್ದ ಉರುಳಿಗೆ ಸಿಕ್ಕಿ ನರಳುತ್ತಿದ್ದುದನ್ನು ಬಿಡಿಸಿ ತಂದವನು ದೇರಪ್ಪನೇ. ತಂತಿ ಕೊಯ್ದು ಒಂದು ಹಿಂಗಾಲು ಸೊಟ್ಟಗಾಗಿತ್ತು. ಮೊಣಕಾಲೆತ್ತರವಿಲ್ಲದ ಜೀವ, ಬಣ್ಣ ಹುರಿದ ಕಾಫಿಬೀಜದ್ದು. ಹಣ್ಣು ಕುಯ್ಯಲು ಹೋದವರ ಕೂಸುಗಳು ಕಿವಿ ಹಿಡಿದು ಜಗ್ಗಿದರೂ ಕಣ್ಣು ಮುಚ್ಚಿಕೊಂಡು ಸುಮ್ಮನಿರುತ್ತಿತ್ತು. ಅದು ಬೊಗಳಿದ್ದನ್ನು ಕೇಳಿದವರಿಲ್ಲ. ಇಷ್ಟು ಸಾಧುವಾಗಿದ್ದರೆ ಯಾರು ತಾನೇ ಬೇಡವೆನ್ನುತ್ತಾರೆ ಎಂದು ದೇರಪ್ಪ ಧೈರ್ಯವಾಗಿಯೇ ಹಗ್ಗ ಕಟ್ಟಿಕೊಂಡು ಹೊರಟ.

ಬೇಟೆಗಾರ ಬೆಳ್ಯಪ್ಪ ಅದರ ಕಾಲು ನೋಡಲಿಲ್ಲ, ಹಲ್ಲು ನೋಡಲಿಲ್ಲ, ಬಾಲ ಎತ್ತಿ ನೋಡಿದ. "ಹೆಣ್ಣು. ಬೇಡ ಮಾರಾಯ, ಮರಿ ಹಾಕಿ ಹಾಕಿ ಮನೆ ತುಂಬಿಸ್ತದೆ." ದೇರಪ್ಪನ ಪಕ್ಕದ ಮನೆಯ ಬೋಜಮ್ಮ ಒಳಗಿನಿಂದ ಅಕ್ಕಿತರಿಯ ಉಂಡೆ ಕಡಂಬಟ್ಟು ಒಂದನ್ನು ತಂದು ಅದರ ಮುಂದಿಟ್ಟಳು. ಅದು ತಿನ್ನುವ ಚಂದ ನೋಡಿ ಮರುಗಿದಳು ಕೂಡ. "ಗಂಡಾಗಿದ್ರೆ ಬಾಗಿಲಲ್ಲಿ ಕಟ್ಟಿಕೊಳ್ತಿದ್ದೆ ದೇರಪ್ಪಣ್ಣ. ಹೆಣ್ಣಲ್ವಾ, ಊರ ನಾಯಿಯೆಲ್ಲ ನಮ್ಮ ಅಂಗಳಕ್ಕೇ ಬರ್ತವೆ." ಜೇಬಿನಲ್ಲಿದ್ದ ಗುಂಡಿನ ಮಾತನ್ನು ದೇರಪ್ಪ ಇಬ್ಬರಿಗೂ ಹೇಳಲಿಲ್ಲ. ಹೊತ್ತು ಇಳಿಯುತ್ತಿತ್ತು. ಉಳಿದದ್ದು ಅವನದೇ ಮನೆ.

ಯಮುನ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನಾಯಿಯನ್ನು ನೋಡಿದೊಡನೆ ಗಂಡನ ಮನಸ್ಸಿನಲ್ಲಿದ್ದದ್ದು ಅವಳಿಗೆ ತಿಳಿಯಿತು.

"ನಾವೇ ಸಾಕಿದ್ರೆ ಹೆಂಗೆ?" ಎಂದ ದೇರಪ್ಪ.

"ನನ್ನ ಕೈಲಿ ಆದುಲೆ," ಎಂದಳು ಮೊರದಿಂದ ಕಣ್ಣೆತ್ತದೆ. "ಮೂರ್ ಗೂಡೆಗಳ್ನ ಹೆತ್ತ್, ಸಾಕಿ, ಮದುವೆ ಮಾಡಿ ಕಳ್ಸಿಯಾತ್. ಸಾಕುದು ನಾನ್, ಕೊಂಡೋಗುದು ಯಾರೋ. ಇನ್ನೊಂದ್ ಜೀವ ನಂಗೆ ಬೇಡ."

ಮೂವರು ಹೆಣ್ಣುಮಕ್ಕಳಲ್ಲಿ ಕೊನೆಯವಳು ಹೊರಟ ದಿನ ಅವಳು ಒಲೆ ಹಚ್ಚಿರಲಿಲ್ಲ, ಮರುದಿನವೂ ಹಚ್ಚಿರಲಿಲ್ಲ. ದೇರಪ್ಪ ಒಳಗೆ ಹೋಗಿ ಗೋಡೆಯ ಮೇಲಿನ ಕೋವಿ ಇಳಿಸಿದ.

ಅದು ಅಪ್ಪನ ಕಾಲದ ಒಂಟಿ ನಳಿಗೆಯ ಕೋವಿ. ದೇರಪ್ಪ ಹುಟ್ಟಿದ ದಿನ ಅಪ್ಪ ಅಂಗಳದಲ್ಲಿ ನಿಂತು ಅದರಿಂದ ಆಕಾಶಕ್ಕೆ ಒಂದು ಗುಂಡು ಹೊಡೆದಿದ್ದನಂತೆ. ಗಂಡು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಊರಿಗೆ ಸುದ್ದಿ ಮುಟ್ಟುವುದೇ ಹಾಗೆ. ದೇರಪ್ಪನ ಕೈಗೆ ಬಂದ ಮೇಲೆ ಮಾತ್ರ ಅದಕ್ಕೆ ತೋಟಕ್ಕೆ ಹಂದಿ ನುಗ್ಗದಂತೆ ಕಾಯುವ ಕೆಲಸವೇ ಆಗಿಹೋಗಿತ್ತು.

ಮನೆಯ ಕೆಳಗಿನ ಗದ್ದೆಯ ಏರಿಯ ಮೇಲೆ ನಾಯಿಯ ಹಗ್ಗ ಬಿಚ್ಚಿದ. ಓಡಿಹೋಗಿದ್ದರೆ ಪುಣ್ಯ ಬರುತ್ತಿತ್ತು. ಅದು ಕುಂಟುತ್ತ ಬಂದು ಅವನ ಪಾದದ ಮೇಲೆ ಗಲ್ಲ ಇಟ್ಟು ಮಲಗಿತು. ಕಾಲ ಮೇಲಿರುವ ನಾಯಿಗೆ ಗುಂಡು ಹೊಡೆಯುವುದು ಹೇಗೆ? ಕಾಲು ಎಳೆದುಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದ. ಅದು ಎದ್ದು ಬಂದು ಮತ್ತೆ ಗಲ್ಲ ಇಟ್ಟಿತು. ಇನ್ನೂ ಹಿಂದೆ ಸರಿದ, ಮತ್ತೆ ಬಂತು. ಉರುಳಿನಿಂದ ಬಿಡಿಸಿದ ಕೈಯನ್ನು ಅದು ಮರೆತಿರಲಿಲ್ಲ. ದೇರಪ್ಪನಿಗೆ ಮ್ಯಾನೇಜರ ಮೇಲೆ, ಬೆಳ್ಯಪ್ಪನ ಮೇಲೆ, ತನ್ನ ಮೇಲೆಯೇ ಸಿಟ್ಟು ಬಂತು. ಅಳು ಬಂತು ಅಂದರೂ ತಪ್ಪಿಲ್ಲ. ಗುರಿಯಿಟ್ಟ ನಳಿಗೆಯನ್ನು ಎತ್ತಿ ಆಕಾಶಕ್ಕೆ ಹಿಡಿದು ಕುದುರೆ ಎಳೆದುಬಿಟ್ಟ.

ನಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು ಅವನು ಮೇಲೆ ಹತ್ತಿ ಬಂದಾಗ ಯಮುನ ಅಂಗಳದಲ್ಲಿ ನಿಂತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಅಕ್ಕಿಯ ಮೊರ ಜಗಲಿಯಲ್ಲಿ ಬೋರಲಾಗಿತ್ತು. ಕಂಕುಳಲ್ಲಿ ಬಾಲ ಅಲ್ಲಾಡಿದ್ದನ್ನು ಕಂಡು ಅವಳ ಕೈ ಮೆಲ್ಲಗೆ ಕೆಳಗಿಳಿಯಿತು. ಅಷ್ಟರಲ್ಲಿ ಬೇಲಿಯ ಆಚೆಯಿಂದ ಬೋಜಮ್ಮ ಏದುಸಿರು ಬಿಡುತ್ತ ಬಂದಳು.

"ಒಂದು ಗುಂಡು ಕೇಳ್ತು. ಅಯ್ಯೋ, ಯಾರು ಹೋದ್ರೋ ಅಂತ ಎರಡನೇದಕ್ಕೆ ಕಾದೆ, ಬರ್ಲೇ ಇಲ್ಲ," ಎಂದಳು. ಅವಳ ಮುಖವೆಲ್ಲ ನಗು. "ಮಗಳು ಹೆರಿಗೆಗೆ ಬಂದದ್ದು ನಂಗೆ ಹೇಳ್ಲೇ ಇಲ್ವಲ್ಲ ಯಮುನಕ್ಕ? ಯಾವ ಮಗಳಿಗೆ ಗಂಡು?"

ದೇರಪ್ಪ ಕೋವಿಯನ್ನು ಎಲ್ಲಿ ಬಚ್ಚಿಡಲಿ ಎಂಬಂತೆ ನಿಂತ. ಯಮುನ ಅವನ ಕಂಕುಳಿನಿಂದ ನಾಯಿಯನ್ನು ಎತ್ತಿಕೊಂಡಳು. ಅದರ ಸೊಟ್ಟ ಕಾಲನ್ನು ಸೆರಗಿನೊಳಗೆ ಸೇರಿಸಿದಳು.

"ಗಂಡಲ್ಲ ಬೋಜಮ್ಮ, ಗೂಡೆ," ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. "ಮೂರ್ ಹೆತ್ತಾಗ ಒಂದ್ ಸಲನೂ ಬಾಯಿ ಬಿಡದ ಕೋವಿ, ನಾಲ್ಕನೇದಕ್ಕಾದ್ರೂ ಬಿಡ್ತಲ್ಲ."