ಚಕ್ರ ಇಳಿಸದ ವಿಮಾನ

ಹೋದ ವರ್ಷದ ಮಾದರಿ ವಿಮಾನಗಳ ಸ್ಪರ್ಧೆಯಲ್ಲಿ ನನ್ನ ಪ್ಲಾಸ್ಟಿಕ್ ವಿಮಾನವನ್ನು ತೀರ್ಪುಗಾರ ಬೋಪಯ್ಯ, ನಿವೃತ್ತ ಪೈಲಟ್ಟು, ಲಕ್ಷ ಜನರೆದುರು ‘ಸೋಪಿನ ಡಬ್ಬಿ’ ಎಂದುಬಿಟ್ಟಿದ್ದರು. ಬಿಡುತ್ತೇನೆಯೇ? ಅವರು ಹಾರಿಸುತ್ತಿದ್ದ ವಿಮಾನದ್ದೇ ಹಳೇ ಮಾದರಿ ಕಿಟ್ ಹುಡುಕಿ, ಮೈತುಂಬಾ ಹತ್ತು ಸಾವಿರ ರಿವೆಟ್ ಮೊಳೆಗಳ ಗುರುತು ಕೊರೆದೆ. ಪ್ರೊಪೆಲ್ಲರ್ ಸೊಟ್ಟಗೆ ಮಾಡಿ, ಚಕ್ರ ಮಡಚಿ, ಹೊಟ್ಟೆಯ ಮೇಲೆ ಕೂರಿಸಿದೆ. ಒಳಗಿನ ಎರಡು ಗೊಂಬೆಗಳಲ್ಲಿ ಮುಂದೆ ಕೂತು ಓಡಿಸುವವನಿಗೆ ಸೊಳ್ಳೆ ಕಾಲಿನಷ್ಟು ತೆಳುವಾದ ಕುಂಚದಿಂದ ಬೋಪಯ್ಯನವರದೇ ಗಿರಿಜಾ ಮೀಸೆ ಬರೆದೆ.

ಈ ವರ್ಷದ ಸ್ಪರ್ಧೆಯಲ್ಲಿ ಅದನ್ನು ನೋಡಿದ ಬೋಪಯ್ಯ ಕೇಳಿದರು: “ಇದೇನಯ್ಯಾ, ಚಕ್ರಾನೇ ಇಳಿಸಿಲ್ಲ?”

“ಇಳಿಸೋದು ಮರೆತೋರು ನೀವಲ್ವಾ ಸಾರ್? ಅವತ್ತು ವಿಮಾನ ಹೊಟ್ಟೆ ಮೇಲೆ ಇಳಿದಾಗ ನಿಮ್ಮ ಜೊತೆಗಿದ್ದ ನಮ್ಮಪ್ಪ ಸಾಯೋತನಕ ಹೇಳ್ಕೊಂಡು ನಗ್ತಿದ್ರು!”

ಸಭೆ ಬಿದ್ದು ಬಿದ್ದು ನಕ್ಕಿತು. ಬೋಪಯ್ಯ ಭೂತಗನ್ನಡಿ ಹಿಡಿದು ಬಗ್ಗಿದರು.

“ಒಂದೇ ತಪ್ಪು ಕಣಯ್ಯಾ. ಮೀಸೆ ಹಿಂದಿನ ಸೀಟಿನವನಿಗೆ ಬರೀಬೇಕಿತ್ತು. ಮುಂದೆ ಕೂತಿದ್ದು ನಿಮ್ಮಪ್ಪ.”