ದರೋಡೆಕೋರರಿಗೊಂದು ಕನ್ನಡ ಪದ

ಹಾಡಹಗಲಲ್ಲೇ ಅನುವಾದಕನ ಬೈಕಿಗೆ ಅಡ್ಡ ನಿಂತ ಇಬ್ಬರೂ ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದರು. ವಾಚು, ಮೊಬೈಲು ಕಿತ್ತುಕೊಂಡು ಕೊನೆಗೆ ಹೆಗಲ ಚೀಲಕ್ಕೂ ಕೈಹಾಕಿದರು. ಕಾನೂನಿಗೆ ಸಿಗದೆ ಕಾಡು ಸುತ್ತುವ ಗುಂಪೊಂದರ ಕುರಿತ ವಿದೇಶಿ ಕಾದಂಬರಿಯನ್ನು ಅವನು ವರ್ಷಗಟ್ಟಲೆ ತಿಣುಕಿ ಕನ್ನಡಿಸಿದ್ದ. ಅದರ ಕೈಬರಹದ ಒಂದೇ ಒಂದು ಪ್ರತಿ ಆ ಚೀಲದಲ್ಲಿತ್ತು. ಶೀರ್ಷಿಕೆಗೆ ಒಪ್ಪುವ ಪದ ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಅಂಥ ಹೊತ್ತಿನಲ್ಲೂ ಪದ ಹುಡುಕುವ ಅವನ ಹಾಳು ಚಟ ಸುಮ್ಮನಿರಲಿಲ್ಲ.

"ಅಣ್ಣಾ, ಡಕಾಯಿತ ಅನ್ನೋದು ಹಿಂದಿಯಿಂದ ಬಂದದ್ದು, ದರೋಡೆ ಮರಾಠಿಯಿಂದ. ನೀವು ನೀವು ಏನಂತ ಕರ್ಕೋತೀರಿ?"

"ನಾನು ಇವ್ರನ್ನ ಮಾವ ಅಂತೀನಿ," ಎಂದ ಕಿರಿಯವನು.

ಮಾವ ಚೀಲದಿಂದ ಕಾಗದದ ಕಟ್ಟು ಎಳೆದ. "ಇದೇನು, ನೀನೇ ಬರ್ದಿದ್ದಾ?"

"ಇಲ್ಲಣ್ಣ. ಬೇರೆ ದೇಶದವರು ಬರ್ದಿದ್ದು. ನಾನು ಕನ್ನಡಕ್ಕೆ ತಂದಿದ್ದೀನಿ. ದಯವಿಟ್ಟು ಅದೊಂದು ಬಿಟ್ಬಿಡಿ."

"ಅವ್ರನ್ನ ಕೇಳಿ ತಂದ್ಯಾ?"

ಅನುವಾದಕ ತಲೆ ತಗ್ಗಿಸಿದ. "ಕೇಳಿದ್ರೆ ಎಲ್ಲಿ ಕೊಡ್ತಾರಣ್ಣ?"

ಮಾವ ಕಟ್ಟನ್ನು ಜೋಪಾನವಾಗಿ ಚೀಲಕ್ಕೆ ಹಾಕಿ, ಕಿರಿಯವನ ಕಡೆ ತಿರುಗಿದ.

"ಆ ವಾಚು, ಮೊಬೈಲು ವಾಪಸ್ ಕೊಡೋ. ನಮ್ಮ ಕಸುಬಿನವರ ಹತ್ರ ನಾವು ಕಿತ್ಕೊಳ್ಳೋದಿಲ್ಲ."