ಕೂಗದೆ ಹಾರಿದ ಹಕ್ಕಿ

ಗಂಜಿ ಹಾಕಿದ ಸೀರೆಯ ವಾಸನೆ ಬಂದರೆ ಈಗಲೂ ಬೆಟಗೇರಿಯ ನಮ್ಮ ಹಿತ್ತಲಿನ ಒಂದು ಮಧ್ಯಾಹ್ನ ನೆನಪಾಗುತ್ತದೆ. ನೇಕಾರನಾಗಿದ್ದ ಅಜ್ಜ ರಜೆಯ ದಿನ ಊಟವಾದ ಮೇಲೆ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು, ಬೇವಿನ ಮರಕ್ಕೆ ಬರುವ ಗೊರವಂಕ, ಪಿಕಳಾರಗಳ ಗುರುತು ಹೇಳಿಕೊಡುತ್ತಿದ್ದ. ಅಂದು ಹತ್ತಿರದ ಕೊಂಬೆಗೇ ಹಳದಿ ಹಕ್ಕಿಯೊಂದು ಸದ್ದಿಲ್ಲದೆ ಬಂದು ಕೂತಿತು.

“ಅಜ್ಜಾ, ಅದು ಯಾವ ಹಕ್ಕಿ?” ಎಂದು ಬೆರಳು ಮಾಡಿ ತೋರಿಸಿದೆ.

ಅಜ್ಜ ಬೇರೆ ಕಡೆಗೇ ನೋಡುತ್ತ, “ತಡಿ, ಕೂಗಲಿ. ಆಮ್ಯಾಲೆ ಹೇಳತೇನಿ,” ಅಂದ.

ಹಕ್ಕಿ ಕೂಗದೆ ಹಾರಿಹೋಯಿತು. ಅಜ್ಜ ತಡಕಾಡಿ ನನ್ನ ಕೈ ಹಿಡಿದು, “ನಿಮ್ಮಪ್ಪಗ ಹೇಳಬ್ಯಾಡವಾ. ಮಗ್ಗ ಬಿಡಸ್ತಾನ,” ಅಂದ.

ನಾನು ಹೇಳಲಿಲ್ಲ. ಮರುದಿನದಿಂದ ಶಾಲೆ ಬಿಟ್ಟೊಡನೆ ಓಡಿಬಂದು ಮಗ್ಗದ ಬದಿಗೆ ಕೂತು, ಹರಿದ ಎಳೆಗಳನ್ನು ಹುಡುಕಿ ಅವನ ಬೆರಳಿಗೆ ಕೊಡತೊಡಗಿದೆ.